ಎತ್ತಿನ ಕಿವಿಗೆ ಹೇಳಿದ ಮಾತು

ನನ್ನ ಮಾವ, ಅಂದರೆ ಅಕ್ಕನ ಗಂಡ, ದಿನಕ್ಕೆರಡು ಸಲ ತನ್ನ ಮನೆಗೆ ಬರುತ್ತಿದ್ದ. ಆದರೆ ಮನೆಯೊಳಗೆ ಬರುತ್ತಿರಲಿಲ್ಲ. ಇದೇನು ಒಗಟಲ್ಲ, ಕೋರ್ಟಿನ ಆದೇಶ.

ಅಕ್ಕನನ್ನು ಮುನವಳ್ಳಿಗೆ ಕೊಟ್ಟಿದ್ದೆವು. ಗಂಡ ಹೊಡೆದಾಗಲೆಲ್ಲ ಅವಳು ನಮ್ಮೂರು ದೊಡವಾಡಕ್ಕೆ ಬರುವುದು, ನಮ್ಮ ಹಿರಿಯರು ಹೊಂದಿಕೊಂಡು ಹೋಗು ಎಂದು ಬುದ್ಧಿ ಹೇಳಿ ಮರಳಿ ಬಸ್ಸು ಹತ್ತಿಸುವುದು ನಡೆದೇ ಇತ್ತು. ನಮ್ಮವರಿಗೆ ಬುದ್ಧಿ ಹೇಳುವುದೆಂದರೆ ಬಲು ಖುಷಿ, ಖರ್ಚಿಲ್ಲ ನೋಡಿ. ಕೈ ಮುರಿದ ದಿನ ಮಾತ್ರ ಅವಳು ನಮ್ಮಲ್ಲಿಗೆ ಬರಲಿಲ್ಲ. ಆಸ್ಪತ್ರೆಯಲ್ಲಿ ಪಟ್ಟಿ ಹಾಕಿಸಿಕೊಂಡು ನೇರವಾಗಿ ಸಂರಕ್ಷಣಾಧಿಕಾರಿಯ ಬಳಿ ಹೋದಳು. ಮನೆಯಲ್ಲಿ ಹಿಂಸೆ ಅನುಭವಿಸುವ ಹೆಂಗಸರ ಅರ್ಜಿಯನ್ನು ಕೋರ್ಟಿಗೆ ಮುಟ್ಟಿಸಲೆಂದೇ ಸರ್ಕಾರ ಇಟ್ಟಿರುವ ಅಧಿಕಾರಿ ಅವರು. ಹೊಡೆತ ತಿಂದವಳೇ ಗಂಟುಮೂಟೆ ಕಟ್ಟಬೇಕು ಎಂದು ನಾನು ತಿಳಿದಿದ್ದೆ. ಅವಳು ಅದೇ ಮನೆಯಲ್ಲಿ ಉಳಿಯಬಹುದು, ಹೊಡೆದವನೇ ಹೊರಗೆ ಹೋಗಬೇಕು ಎಂದು ಆದೇಶ ಕೊಡಲು ಬರುತ್ತದೆಂದು ಗೊತ್ತಾದಾಗ ನನಗೆ ಖುಷಿಗಿಂತ ಸಿಟ್ಟೇ ಹೆಚ್ಚು ಬಂತು. ಇಷ್ಟು ವರ್ಷ ಯಾರೂ ಹೇಳಲಿಲ್ಲವಲ್ಲ ಎಂದು.

ಸವದತ್ತಿ ಕೋರ್ಟಿನಲ್ಲಿ ಹಾಗೆಯೇ ಆದೇಶವಾಯಿತು. ಮಾವ ತನ್ನ ತಮ್ಮನ ಮನೆಗೆ ಹೋಗಬೇಕು, ಅಕ್ಕನ ಹತ್ತಿರ ಬರಬಾರದು, ಅವಳೊಂದಿಗೆ ಮಾತಾಡಬಾರದು. ಆಗ ಮಾವನ ವಕೀಲರು ಎದ್ದು ನಿಂತು, ಎತ್ತುಗಳು ಆ ಮನೆಯಲ್ಲೇ ಇವೆ, ಬೇರೆಯವರು ಮೇವು ಹಾಕಿದರೆ ಮೂಸುವುದಿಲ್ಲ ಎಂದರು. ಅದು ಖರೆ. ನ್ಯಾಯಾಧೀಶರು ಎತ್ತುಗಳನ್ನು ನೋಡಿಕೊಳ್ಳಲು ಬೆಳಿಗ್ಗೆ ಸಂಜೆ ಕೊಟ್ಟಿಗೆಯವರೆಗೆ ಬರಬಹುದು ಎಂದರು.

ನ್ಯಾಯಾಧೀಶರ ಕಣ್ಣ ಮುಂದೆ ಹಿತ್ತಲಾಚೆಯ ಕೊಟ್ಟಿಗೆ ಬಂದಿರಬೇಕು. ನಮ್ಮ ಕಡೆಯ ಮನೆಗಳಲ್ಲಿ ತಲೆಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಅಲ್ಲಿಂದ ಮೊಣಕಾಲೆತ್ತರ ಹತ್ತಿದರೆ ಪಡಸಾಲೆ, ಅದರ ಬದಿಗೇ ಒಲೆ. ಎತ್ತು ಮುಖ ಎತ್ತಿದರೆ ಪಲ್ಯ ಯಾವುದೆಂದು ಅದಕ್ಕೇ ಮೊದಲು ಗೊತ್ತಾಗುತ್ತದೆ.

ಜೊತೆಗಿರಲೆಂದು ನಾನು ಹೊಲಿಗೆ ಯಂತ್ರ ಸಮೇತ ಅಕ್ಕನ ಮನೆಗೆ ಬಂದೆ. ಸಂರಕ್ಷಣಾಧಿಕಾರಿ ಮೇಡಂ ನೋಡಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

"ಏನ್ರೀ ಇದು, ಎತ್ತು ಒಳಗ, ಗಂಡ ಹೊರಗೇನು?" ಎಂದರು.

"ಎತ್ತು ಹೊಡಿಯಾಂಗಿಲ್ಲರಿ," ಎಂದಳು ಅಕ್ಕ.

ಮೇಡಂ ಸುಣ್ಣ ಕೇಳಿ ತರಿಸಿಕೊಂಡು ಪಡಸಾಲೆಯ ಅಂಚಿನ ಕೆಳಗೆ ಉದ್ದಕ್ಕೆ ಒಂದು ಗೆರೆ ಎಳೆದರು. ಮಾವ ಅದನ್ನು ದಾಟುವಂತಿಲ್ಲ. ಹೆಂಗಸರಿಗೆ ಹಾಕಿದ ಗೆರೆಗಳನ್ನೇ ನೋಡಿ ಬೆಳೆದವಳು ನಾನು. ಗಂಡಸಿಗೆ ಹಾಕಿದ್ದನ್ನು ನೋಡಿದ್ದು ಅದೇ ಮೊದಲು, ಎಷ್ಟು ನೋಡಿದರೂ ಸಾಲಲಿಲ್ಲ.

ಒಂದು ವಾರ ಮಾವ ಮುಖ ಗಂಟಿಕ್ಕಿಕೊಂಡು ಬಂದು ಹೋದ. ಆಮೇಲೆ ಒಂದು ಸಂಜೆ ಬಿಳಿ ಎತ್ತಿನ ಕಿವಿಯ ಹತ್ತಿರ ಬಾಯಿ ಇಟ್ಟು, ಓಣಿಗೆಲ್ಲ ಕೇಳುವಂತೆ ಹೇಳಿದ.

"ಏನಪಾ, ಎಣ್ಣಿಗಾಯಿ ಮಾಡಾಕತ್ತಾರೇನು? ನಮ್ಮ ತಮ್ಮನ ಹೇಂತಿಗಿ ಉಪ್ಪು ಹಾಕೂದು ಗೊತ್ತಿಲ್ಲ ನೋಡು."

ಎತ್ತು ಬಾಲ ಬೀಸಿತು. ಅಕ್ಕ ಬಾಯಿಗೆ ಸೆರಗು ಹಿಡಿದಳು. ಅಲ್ಲಿಂದ ದಿನವೂ ಇದೇ ಆಟ. ಚಹಾ ಬೇಕೆನ್ನುವುದು, ಅಂಗಿಯ ಗುಂಡಿ ಕಿತ್ತದ್ದು, ಸೊಂಟ ಹಿಡಿದದ್ದು, ಎಲ್ಲ ವರದಿಯೂ ಎತ್ತಿಗೆ. ಎದುರು ಮನೆಯ ಅಜ್ಜಿ ಆ ಹೊತ್ತಿಗೆ ಸರಿಯಾಗಿ ಮಜ್ಜಿಗೆ ಕೇಳುವ ನೆಪ ಮಾಡಿ ಬಂದು ಕೂರತೊಡಗಿದಳು. ಅವಳ ಮನೆಯಲ್ಲೇ ಹಾಲು ಕರೆಯುವ ಎರಡು ಎಮ್ಮೆ ಇದ್ದವು.

ನಾನು ಮೇಡಂಗೆ ಫೋನು ಮಾಡಿ, ಎತ್ತಿನೊಂದಿಗೆ ಮಾತಾಡಿದರೆ ಅದು ಆದೇಶ ಮೀರಿದಂತೆಯೇ ಎಂದು ಕೇಳಿದೆ.

"ಎತ್ತು ದೂರು ಕೊಟ್ರ ನೋಡೋಣಂತ," ಎಂದರು ಮೇಡಂ. ಆಮೇಲೆ ನಗು ಬಿಟ್ಟು, ಅಕ್ಕನಿಗೆ ಫೋನು ಕೊಡಿಸಿದರು. "ಅದು ನಿಮಗ ಹೇಳೂ ಮಾತು, ಎತ್ತಿಗಲ್ಲ. ನೀವು ಹ್ಞೂಂ ಅಂದ್ರ ಇವತ್ತ ಕೋರ್ಟಿಗೆ ಬರೀತೇನಿ. ಆದೇಶ ಮುರದ್ರ ಜೇಲು ಐತಿ. ಅವರ ಮಾತಿಗೆ ನಿಮಗ ಅಂಜಿಕಿ ಬರತೈತೇನು?"

ಅಕ್ಕ ಗೆರೆಯ ಕಡೆ ನೋಡಿ ಹೇಳಿದಳು, "ಇಲ್ಲರಿ ಮೇಡಂ. ನಗು ಬರತೈತಿ. ಅಂಜಿಕಿ ಬಂದ ದಿನ ನಾನ ಹೇಳತೇನಿ."

ಆ ಮನೆಯಲ್ಲಿ ಅವಳಿಗೆ ನಗು ಬರುತ್ತದೆ ಎಂದು ಕೇಳಿ ನನ್ನ ಕಣ್ಣು ತುಂಬಿತು. ಹೊಲಿಗೆ ಯಂತ್ರ ತುಳಿಯುತ್ತ ಕೂತೆ. ಒಂದು ಕುಪ್ಪಸದ ತೋಳನ್ನು ಕುತ್ತಿಗೆಗೆ ಹೊಲಿದುಬಿಟ್ಟೆ.

ಅಜ್ಜಿ ಮಾತ್ರ ಮೆತ್ತಗಾಗಿದ್ದಳು. "ಪಾಪ, ದನದ ಮ್ಯಾಲ ಎಷ್ಟ ಜೀವ ಐತಿ ನೋಡು. ಬಾರಕೋಲು ಮುಟ್ಟಿಸಿದಾಂವಲ್ಲ. ಮ್ಯಾಲ ಕರಕೋ ಇನ್ನ," ಎಂದು ಅಕ್ಕನ ಬೆನ್ನು ಹತ್ತಿದಳು. ಓಣಿಯೂ ಅದನ್ನೇ ಹೇಳತೊಡಗಿತು. ಆಟ ನೋಡಿ ನಕ್ಕವರೆಲ್ಲ ಅವನ ಕಡೆಯಾಗಿದ್ದರು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ. ಅಕ್ಕನೂ ಮರುಗಿ ಕರೆದುಬಿಟ್ಟರೆ ಮತ್ತೆ ಅದೇ ಹೊಡೆತ.

ಕಾರಹುಣ್ಣಿಮೆ ಬಂತು. ಎತ್ತುಗಳಿಗೆ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಬಲೂನು ಕಟ್ಟಿ ಮಾವ ಗೆರೆಯ ಆಚೆ ಹಗ್ಗ ಹಿಡಿದು ನಿಂತ. ಆರತಿ ಮಾಡುವುದು ಮನೆಯ ಹೆಂಗಸಿನ ಕೆಲಸ, ಹಾಗಾಗಿ ಅಕ್ಕ ತಟ್ಟೆ ಹಿಡಿದು ಪಡಸಾಲೆಯ ಅಂಚಿಗೆ ಬಂದಳು. ಓಣಿಯ ಅರ್ಧ ಹೆಂಗಸರು ಬಾಗಿಲಲ್ಲಿದ್ದರು.

ಮಾವ ಬಿಳಿ ಎತ್ತಿನ ಕಿವಿ ಹಿಡಿದ. "ತಪ್ಪಾತಂತ ಹೇಳಪಾ. ಇವತ್ತ ಹಬ್ಬ ಐತಿ, ಮ್ಯಾಲ ಬರಲೇನಂತ ಕೇಳು."

ಎಲ್ಲರೂ ಅಕ್ಕನನ್ನು ನೋಡಿದರು. ಅವಳು ಎತ್ತಿನ ಹಣೆಗೆ ಕುಂಕುಮ ಇಟ್ಟು, ಹೋಳಿಗೆ ತಿನ್ನಿಸಿ, ಮೊದಲ ಸಲ ಎತ್ತಿಗೇ ಉತ್ತರ ಕೊಟ್ಟಳು.

"ನೀ ಒಂದ ದಿನ ಇವರ ಕಾಲ ತುಳದಿ, ನೆನಪೈತೇನು? ಉಗುರು ಕಿತ್ತು ಬಂದಿತ್ತು. ಪಾಪ, ಮೂಕ ಪ್ರಾಣಿ, ಬೆದರಿತ್ತು ಅಂತ ನಿನ್ನ ಮೈ ಸವರಿದ್ರು. ಅವತ್ತ ಸಂಜಿಮುಂದ ಸಾರಿಗೆ ಉಪ್ಪು ಹೆಚ್ಚಾತಂತ ನನ್ನ ಕೈ ಮುರದ್ರು. ಸಿಟ್ಟು ತಡಕೊಳ್ಳೂದು ಅವರಿಗೆ ಬರತೈತಿ."

ಮಾವ ಎತ್ತಿನ ಕಿವಿ ಬಿಟ್ಟ. ಮೊದಲು ಎದ್ದು ನಿಂತವಳು ಬಾಗಿಲಲ್ಲಿ ಕೂತಿದ್ದ ಅಜ್ಜಿಯೇ.

"ಆರತಿ ಆತಲ್ಲ, ನಡಿ ಇನ್ನ, ಎತ್ತ ಹೊಡಕೊಂಡ ಹೋಗು," ಎಂದಳು ಅವನಿಗೆ.

ಅವನು ಹೋದ. ಗದ್ದಲದಲ್ಲಿ ಗೊರಸು ತಾಗಿ ಗೆರೆ ಅಲ್ಲಲ್ಲಿ ಅಳಿಸಿತ್ತು. ಅಕ್ಕ ಸುಣ್ಣದ ಬಟ್ಟಲು ತಂದು, ಸೊಟ್ಟಗೆ ಕೂಡಿದ್ದ ಆ ಕೈಯಿಂದಲೇ, ಮೊದಲಿಗಿಂತ ದಪ್ಪಗೆ ಮತ್ತೆ ಎಳೆದಳು.