ನಾನು ತುಳಿದ ಸೊಂಟ

ಕಳೆದ ವರ್ಷದ ದಸರಾ ರಜೆ. ಬ್ರಹ್ಮಾವರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ನಾನು ಶಂಕರನಾರಾಯಣದ ಹತ್ತಿರದ ನಮ್ಮ ಮನೆಗೆ ಬಂದಿದ್ದೆ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನೇ. ಹೇಳಿಕೊಳ್ಳಲು ನಾಚಿಕೆಯಿಲ್ಲ, ಸುಲಭಕ್ಕೆ ಸಿಕ್ಕಿದ್ದಲ್ಲ ಅದು.

ನಾಚಿಕೆ ಇದ್ದದ್ದು ಬೇರೊಂದಕ್ಕೆ. ನಾನು ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಕಾಲಿನಿಂದ ಮೂರು ಸಲ ಮುಟ್ಟಿದರೆ ಸೊಂಟದ ಉಳುಕು ಹೋಗುತ್ತದೆಂದು ನಮ್ಮ ಕಡೆ ನಂಬಿಕೆ. ಚಿಕ್ಕಂದಿನಲ್ಲಿ ಊರಿನ ಎಷ್ಟೋ ಜನರ ಸೊಂಟ ಮುಟ್ಟಿದ್ದೇನೆ. ಬಿ.ಎಸ್ಸಿ. ಸೇರಿದ ಮೇಲೆ ಖಡಾಖಂಡಿತವಾಗಿ ನಿಲ್ಲಿಸಿದ್ದೆ.

ಆ ರಜೆಯ ಒಂದು ಬೆಳಿಗ್ಗೆ ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಗೋಡೆ ಹಿಡಿದುಕೊಂಡು ಬಂದಳು. ಗೇರುಬೀಜದ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಕೂತು ಬೀಜ ಸುಲಿದವಳು.

"ಒಂಚೂರ್ ತುಳಿ ಮಗಾ. ಬಗ್ಗುಕೇ ಆತಿಲ್ಲೆ."

"ಅದೆಲ್ಲ ಸುಳ್ಳ್ ದೊಡ್ಡಮ್ಮ. ಡಾಕ್ಟ್ರ ಹತ್ರ ಹೋಪ."

"ಡಿಗ್ರಿ ಆದ್ರೆ ಕಾಲ್ ಬದ್ಲಾತ್ತಾ?" ಎಂದು ಅಮ್ಮ ಒಳಗಿನಿಂದಲೇ ಕುಟುಕಿದಳು. "ಈಗ ದೊಡ್ಡ ಟೀಚರ್ ಅಲ್ದಾ."

ಸಿಟ್ಟು ಬಂತು. ದೊಡ್ಡಮ್ಮ ಆಗಲೇ ಚಾಪೆಯ ಮೇಲೆ ಕವುಚಿ ಮಲಗಿದ್ದಳು. ಎರಡು ಸಲ ಸುಮ್ಮನೆ ಮುಟ್ಟಿದೆ. ಮೂರನೆಯದು ಜೋರಾಗಿಯೇ ಬಿತ್ತು. ದೊಡ್ಡಮ್ಮ "ಅಯ್ಯಬ್ಬೆ" ಎಂದಳು. ಆಮೇಲೆ ನಗಲು ನೋಡಿದಳು. ಎಬ್ಬಿಸಲು ಇಬ್ಬರು ಬೇಕಾಯಿತು.

ಮರುದಿನ ಅವಳಿಗೆ ಮಗ್ಗುಲು ಬದಲಿಸಲೂ ಆಗಲಿಲ್ಲ. ಕುಂದಾಪುರದಲ್ಲಿ ಆಸ್ಟಿಯೋಪಥಿ ಚಿಕಿತ್ಸೆ ಕೊಡುವವರೊಬ್ಬರಿದ್ದರು. ಮದ್ದಿಲ್ಲ, ಕೈಯಿಂದಲೇ ಸ್ನಾಯು, ಕೀಲುಗಳನ್ನು ಒತ್ತಿ, ತಿರುಗಿಸಿ ನೋವು ಇಳಿಸುತ್ತಾರೆ. ನಮ್ಮ ಶಾಲೆಯ ಒಬ್ಬರ ಭುಜ ಅಲ್ಲಿ ಸರಿಯಾಗಿತ್ತು. ರಿಕ್ಷಾ ಮಾಡಿ ಹೊರಟೆವು. ಪ್ರತಿ ಹೊಂಡಕ್ಕೂ ಅವಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಕಾಲು ಜೋಮು ಹಿಡಿದಿದೆಯಾ ಎಂದು ಮತ್ತೆ ಮತ್ತೆ ಕೇಳಿದೆ.

"ಒಂದೇ ಪ್ರಶ್ನೆ ಎಷ್ಟ್ ಸಲ ಕೇಂತೆ? ಇದೆಂತ ಪರೀಕ್ಷೆಯಾ?" ಎಂದಳು ದೊಡ್ಡಮ್ಮ.

ಅಲ್ಲಿ ಫಾರಂ ತುಂಬಬೇಕಿತ್ತು. 'ಈ ಮೊದಲು ಮಾಡಿಸಿದ ಚಿಕಿತ್ಸೆ' ಎಂಬಲ್ಲಿ 'ಇಲ್ಲ' ಎಂದು ಬರೆದುಬಿಟ್ಟೆ. ಬರೆದ ಮೇಲೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಚಿಕಿತ್ಸಕರು ದೊಡ್ಡಮ್ಮನನ್ನು ಮಗ್ಗುಲಿಗೆ ಮಲಗಿಸಿ, "ಅಮ್ಮಾ, ಯಾರಾದರೂ ಸೊಂಟ ಒತ್ತಿದ್ದು, ತಿಕ್ಕಿದ್ದು ಉಂಟಾ?" ಎಂದು ಕೇಳಿದರು.

ದೊಡ್ಡಮ್ಮ ನನ್ನ ಮುಖ ನೋಡಿದಳು. "ಯಾರೂ ಮುಟ್ಲಿಲ್ಲೆ ಡಾಕ್ಟ್ರೆ. ಇದ್ ನಮ್ಮ ಹೆಣ್ಣ್, ಸಾಯನ್ಸ್ ಟೀಚರ್. ಅಂಥದ್ದೆಲ್ಲ ಮಾಡುಕ್ ಬಿಡುದಿಲ್ಲೆ."

ಅವರು ಒಂದು ಕೈಯನ್ನು ಅವಳ ಭುಜದ ಮೇಲೆ, ಇನ್ನೊಂದನ್ನು ಸೊಂಟದ ಮೇಲೆ ಇಟ್ಟರು. ಇನ್ನೇನು ತಿರುಗಿಸಬೇಕು.

"ನಿಲ್ಲಿ ಸರ್," ಎಂದೆ. "ನಾನು ತುಳಿದಿದ್ದೇನೆ. ನಿನ್ನೆ. ಜೋರಾಗಿ."

ಪರದೆಯಾಚೆ ಕೂತಿದ್ದ ಯಾರೋ ಕಿಸಕ್ಕನೆ ನಕ್ಕರು. ಚಿಕಿತ್ಸಕರು ಕೈ ತೆಗೆದರು. ಬೈಯಲಿಲ್ಲ. ಮೊದಲು ಎಕ್ಸ್‌ರೇ ಆಗಲಿ ಎಂದರು.

ಎಕ್ಸ್‌ರೇ ಬರುವವರೆಗೆ ನಾನು ಬಾಗಿಲಿಗೂ ಬೀದಿಗೂ ತಿರುಗಿದೆ. ನೋಡಿದರೆ, ಸೊಂಟದ ಒಂದು ಮೂಳೆ ಸ್ವಲ್ಪ ಕುಸಿದಿತ್ತು.

"ವಯಸ್ಸಿಗೆ ಮೂಳೆ ಸವೆದಿದೆ. ಇದು ಮೊದಲೇ ಆದದ್ದಾ, ನಿಮ್ಮ ಕಾಲಿನಿಂದಲಾ, ನಾನು ಹೇಳಲಾರೆ. ನಾನು ತಿರುಗಿಸಿದ್ದರೆ ಮಾತ್ರ ಕಷ್ಟ ಇತ್ತು," ಎಂದು ಅವರೇ ಎಲುಬಿನ ಡಾಕ್ಟರ ಹತ್ತಿರ ಕಳಿಸಿದರು.

ಬೆಲ್ಟು, ಮಾತ್ರೆ, ತಿಂಗಳುಗಟ್ಟಲೆ ವಿಶ್ರಾಂತಿ. ಮೂಳೆ ಕೂಡಿದ ಮೇಲೆ, ಇನ್ನು ಕೈಚಿಕಿತ್ಸೆ ಮಾಡಿಸಬಹುದೆಂದು ಎಲುಬಿನ ಡಾಕ್ಟರು ಒಪ್ಪಿದರು. ಅದೇ ಚಿಕಿತ್ಸಕರು ಬಿಗಿದ ಸ್ನಾಯುಗಳನ್ನು ಹಗುರ ಕೈಯಲ್ಲಿ ಸಡಿಲಿಸಿದರು. ಈಗ ದೊಡ್ಡಮ್ಮ ಬಸ್‌ಸ್ಟ್ಯಾಂಡಿಗೆ ನಡೆದೇ ಹೋಗುತ್ತಾಳೆ.

ದಾರಿಯಲ್ಲಿ ಸಿಕ್ಕವರಿಗೆಲ್ಲ, "ನಮ್ಮ ಹೆಣ್ಣ್ ತುಳಿದದ್ದಕ್ಕೇ ಗುಣ ಆಯ್ತ್" ಎನ್ನುತ್ತಾಳೆ. ನಡೆದದ್ದನ್ನು ನಾನು ಇದ್ದ ಹಾಗೆ ಹೇಳಿದರೆ ಯಾರೂ ನಂಬುವುದಿಲ್ಲ. ಅವಳು ನಿಜವಾಗಿ ನಂಬಿ ಹಾಗೆ ಹೇಳುತ್ತಾಳೋ, ನನ್ನ ಮರ್ಯಾದೆ ಉಳಿಸಲು ಹೇಳುತ್ತಾಳೋ ಗೊತ್ತಿಲ್ಲ. ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.