ಗಿರಿಜಾಂಬಾ ಮೇಡಂ ಕೊಟ್ಟ ಮಾತು

"ಸಾಕಾಗಿ ಹೋಗಿದೆ ಭಾಗೀರಥಮ್ಮನೋರೆ. ಬೆಳಿಗ್ಗೆಯಿಂದ ಬೀದಿ ಬೀದಿ ಸುತ್ತಿದೀನಿ, ಮಗು ಇದೆಯಾ, ಒಂದನೇ ಕ್ಲಾಸಿಗೆ ಕಳಿಸ್ತೀರಾ ಅಂತ ಕೇಳ್ಕೊಂಡು. ಬಾಗಿಲು ತೆಗೀತಾರೆ, ನೀರು ಕೊಡ್ತಾರೆ, ಮಗು ಮಾತ್ರ ಕೊಡಲ್ಲ. ಗೌರ್ಮೆಂಟ್ ಸ್ಕೂಲಾ ಅಂತಾರೆ, ಯಾವುದೋ ಕಾಯಿಲೆ ಹೆಸರು ಹೇಳ್ದಂಗೆ. ಕೊನೇಲಿ ಹೂವಿನ ನರಸಮ್ಮನ ಮನೆಗೆ ಹೋದೆ. ಪುಸ್ತಕ, ಬಟ್ಟೆ ಎಲ್ಲ ಫ್ರೀ ಕಣಮ್ಮ ಅಂದೆ. ಅವಳು ಹೂ ಕಟ್ತಾ ಇದ್ಳು, ತಲೆ ಎತ್ತಲಿಲ್ಲ. 'ನಿಮ್ಮ ಮೊಮ್ಮಗಳಿಗೂ ಈ ಸಲ ಒಂದನೇ ಕ್ಲಾಸಲ್ವಾ ಮೇಡಂ? ಅವಳನ್ನ ನಿಮ್ಮ ಸ್ಕೂಲಲ್ಲಿ ಕೂರಿಸಿ, ಪಕ್ಕದಲ್ಲಿ ನನ್ನ ಮಗಳನ್ನ ತಂದು ಕೂರಿಸ್ತೀನಿ' ಅಂದ್ಳು. ಬಿಸಿಲಿಗೆ ತಲೆ ಕೆಟ್ಟಿತ್ತೋ ಏನೋ, ಆಯ್ತು ಅಂದ್ಬಿಟ್ಟೆ. ಸೊಸೆಗೆ ಇನ್ನೂ ಹೇಳಿಲ್ಲ."

ತೊಂಬತ್ತೆಂಟನೇ ಇಸವಿಯ ಬೇಸಿಗೆ. ಚಾಮರಾಜಪೇಟೆಯ ಒಂದೇ ವಠಾರದಲ್ಲಿ ನಮ್ಮದೂ ಗಿರಿಜಾಂಬಾ ಅವರದೂ ಅಕ್ಕಪಕ್ಕದ ಮನೆ. ಅವರು ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಯ ಹೆಡ್ ಮೇಡಂ. ಆ ಸಲ ಒಂದನೇ ತರಗತಿಗೆ ಒಂದು ಮಗುವೂ ಸೇರಿರಲಿಲ್ಲ. ಹೀಗೇ ಆದರೆ ಶಾಲೆ ಮುಚ್ಚಿ, ಇರುವ ಮಕ್ಕಳನ್ನು ಕಲಾಸಿಪಾಳ್ಯದ ಶಾಲೆಗೆ ಕಳಿಸುವುದಾಗಿ ಮೇಲಿನವರು ಹೇಳಿದ್ದರು. ನರಸಮ್ಮ ಮಗಳನ್ನು ಸೇರಿಸಿದರೆ ಅವಳ ಬೀದಿಯ ನಾಲ್ಕಾರು ಮನೆಯವರೂ ಸೇರಿಸುತ್ತಾರೆ ಎಂಬುದೊಂದೇ ಅವರಿಗಿದ್ದ ಆಸೆ.

ಸಂಜೆ ಗೋಡೆಯಾಚೆಯಿಂದ ಸೊಸೆ ಸುಪ್ರಜಾಳ ಮಾತು ಕೇಳಿಸಿತು. ಅವಳು ಕೂಗುವವಳಲ್ಲ.

"ಮಾತು ಕೊಡಕ್ಕೆ ನನ್ನ ಮಗಳೇ ಬೇಕಿತ್ತಾ ಅತ್ತೆ? ಬಸವನಗುಡೀಲಿ ಸೀಟಾಗಿದೆ ಆರಾಧನಾಗೆ. ಮಗೂಗಿಂತ ಜಾಸ್ತಿ ನಮ್ಮಿಬ್ಬರನ್ನೇ ಇಂಟರ್‌ವ್ಯೂ ಮಾಡಿದ್ರು. ಇಂಗ್ಲಿಷ್ ಬಾಯಿಪಾಠ ಮಾಡ್ಕೊಂಡು ಹೋಗಿದ್ವಿ."

"ನಾನು ಚೆನ್ನಾಗಿ ಹೇಳಿಕೊಡಲ್ವೇನೇ?"

"ಕೊಡ್ತೀರ. ಮತ್ತೆ ನಿಮ್ಮ ಮಗನ್ನ ಯಾಕೆ ಅಲ್ಲಿ ಓದಿಸಲಿಲ್ಲ?"

ಆಮೇಲೆ ನಲ್ಲಿಯ ಕೆಳಗೆ ಯಾರೋ ಪಾತ್ರೆ ಇಟ್ಟ ಸದ್ದಾಯಿತು.

ಮರುದಿನ ಗಿರಿಜಾಂಬಾ ನನ್ನನ್ನೂ ಜೊತೆಗೆ ಕರೆದುಕೊಂಡು ನರಸಮ್ಮನ ಮನೆಗೆ ಹೋದರು. ಹೊಸಿಲು ದಾಟಲಿಲ್ಲ.

"ಮನೇಲಿ ನನ್ನ ಮಾತು ನಡೀಲಿಲ್ಲ ನರಸಮ್ಮ."

"ನಡೆಯಲ್ಲ ಅಂತ ಗೊತ್ತಿತ್ತು ಬಿಡಿ. ಗೊತ್ತಿದ್ದೇ ಕೇಳ್ದೆ."

"ನೀನಾದ್ರೂ ಕಳಿಸು."

ನರಸಮ್ಮ ಹೂವಿನ ಮೇಲೆ ನೀರು ಚಿಮುಕಿಸಿದಳು. "ನಿಮ್ಮ ಮನೆಯೋರಿಗೇ ಬೇಡವಾದದ್ದು ನನ್ನ ಮಗೂಗೆ ಯಾಕೆ ಮೇಡಂ? ದಿನಸಿ ಅಂಗಡಿ ಮಹಡಿ ಮೇಲೆ ಒಂದು ಕಾನ್ವೆಂಟಿದೆಯಲ್ಲ, ಅಲ್ಲಿಗೆ ಹಾಕ್ತೀನಿ. ಇನ್ನೆರಡು ಬೀದಿ ಹೂವು ಮಾರಿದ್ರಾಯ್ತು."

ಆ ಕಾನ್ವೆಂಟಿನಲ್ಲಿ ಹೇಳಿಕೊಡುವ ಹುಡುಗಿಯರು ಆಗಷ್ಟೇ ಪಿಯುಸಿ ಮುಗಿಸಿದವರೆಂದು ಗಿರಿಜಾಂಬಾಗೆ ಗೊತ್ತಿತ್ತು. ಹೇಳಲಿಲ್ಲ.

ನಾವು ತಿರುಗಿ ಹೊರಟಾಗ ನರಸಮ್ಮ ಮತ್ತೆ ಕರೆದಳು. "ಕಾನ್ವೆಂಟಿಗೆ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿ ಕಳಿಸ್ಬೇಕಂತೆ. ಹೂವು ಮುಡಿಸಬಾರದಂತೆ, ನೋಡಿ, ಹೂವಿನೋಳ ಮಗಳಿಗೆ. ಬೆಳಿಗ್ಗೆ ನಾನು ಮಾರ್ಕೆಟ್‌ನಲ್ಲಿರ್ತೀನಿ. ಜಡೆನಾದ್ರೂ ನೀವು ಹಾಕ್ತೀರಾ?"

"ಕಳಿಸು," ಎಂದರು ಗಿರಿಜಾಂಬಾ. "ಇದಕ್ಕೆ ನಾನು ಯಾರನ್ನೂ ಕೇಳಬೇಕಾಗಿಲ್ಲ."

ಜೂನ್‌ನಲ್ಲಿ ಶಾಲೆಗಳು ಶುರುವಾದವು. ಅವರ ಶಾಲೆಯ ಒಂದನೇ ತರಗತಿಯ ಕೋಣೆಗೆ ಬೀಗ ಬಿತ್ತು. ಮಿಕ್ಕ ತರಗತಿಗಳನ್ನು ಆ ವರ್ಷದ ಮಟ್ಟಿಗೆ ಹಾಗೇ ಬಿಟ್ಟರು.

ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕುವ ಹೊತ್ತಿಗೆ ಗಿರಿಜಾಂಬಾ ಜಗಲಿಯ ಮೇಲೆ ಎಣ್ಣೆ ಬಟ್ಟಲು ಇಟ್ಟುಕೊಂಡು ಕುಳಿತಿರುತ್ತಾರೆ. ಮೊದಲು ಆರಾಧನಾ. ಅವಳ ವ್ಯಾನು ಬೇಗ ಬರುತ್ತದೆ. ಆಮೇಲೆ ನರಸಮ್ಮನ ಮಗಳು ಕೆದರಿದ ತಲೆಯಲ್ಲಿ ಬಂದು, ಬೆನ್ನು ತಿರುಗಿಸಿ ಮುಂದೆ ಕೂರುತ್ತಾಳೆ.

"ಅಲ್ಲಾಡ್ಬೇಡ ಕಣೆ," ಎನ್ನುತ್ತ ಗಿರಿಜಾಂಬಾ ಸಿಕ್ಕು ಬಿಡಿಸಿ, ನೆಟ್ಟಗೆ ಬೈತಲೆ ತೆಗೆಯುತ್ತಾರೆ. ಒಂದು ಕಡೆಯ ಕೂದಲನ್ನು ಮೂರು ಕಾಲು ಮಾಡಿಕೊಂಡು ಹೆಣೆಯತೊಡಗುತ್ತಾರೆ.