ದ್ವೀಪಕ್ಕೆ ಹೋಗುವವರು ಉಪ್ಪು ಒಯ್ಯಬಾರದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ ಮಕ್ಕಳೇ, ನಾನು ಲಕ್ಷದ್ವೀಪಕ್ಕೆ ಉಪ್ಪು ಹೊತ್ತುಕೊಂಡು ಹೋದವಳು. ಕಾಡಂಚಿನ ನಮ್ಮ ತೋಲ್ಪೆಟ್ಟಿಯಲ್ಲಿ ಮನೆ ಬಿಟ್ಟು ಹೊರಡುವಾಗ ಉಪ್ಪಿನ ಗಂಟೊಂದು ಜೊತೆಗಿರಬೇಕು. ಕಾಲಿಗೆ ಜಿಗಣೆ ಹತ್ತಿದರೆ ಆ ಗಂಟನ್ನೊಮ್ಮೆ ಒತ್ತಿದರೆ ಸಾಕು. ಕಡಲ ನಡುವೆ ಜಿಗಣೆ ಇರುವುದಿಲ್ಲ ಎಂದು ನನ್ನ ಐದನೇ ಕ್ಲಾಸಿನ ಪುಸ್ತಕದಲ್ಲಿ ಬರೆದಿರಲಿಲ್ಲ. ನಾಲ್ಕೂ ಕಡೆ ನೀರಿರುವ ನೆಲವೇ ದ್ವೀಪ ಎಂದಷ್ಟೇ ಇತ್ತು. ನೀರಿನ ಬದಲು ಕಾಡು ಎಂದಿದ್ದರೆ ನಮ್ಮ ಮನೆಯೂ ದ್ವೀಪವೇ.

ಬರುವ ರಜೆಗೆ ನೀವೂ ಹೊರಟಿದ್ದೀರಿ, ಏನೇನು ಬೇಕೆಂದು ಕೇಳಿದ್ದೀರಿ. ಕನ್ನಡದಲ್ಲೇ ಬರೆಯುತ್ತೇನೆ. ನಿಮ್ಮ ಶಾಲೆ ಮಲಯಾಳಂನದ್ದಾದರೆ ಏನಾಯಿತು? ಅಕ್ಷರ ತಿಳಿಯದಿದ್ದರೆ ಅಮ್ಮನಿಂದ ಓದಿಸಿಕೊಳ್ಳಿ.

ಮೊದಲು ಬೇಕಾದದ್ದು ಅನುಮತಿ. ಸರಕಾರದ್ದು ಸುಲಭ: ಅರ್ಜಿ, ಫೋಟೊ, ನಮ್ಮ ಮೇಲೆ ಕೇಸಿಲ್ಲವೆಂದು ಪೊಲೀಸರ ಕಾಗದ. ನೆಂಟರು ಬಂದರೂ ಬಾಗಿಲ ಮರೆಗೆ ಸರಿಯುವ ನಾನು ಠಾಣೆಯ ಕುರ್ಚಿಯ ತುದಿಯಲ್ಲಿ ಕೂತು, ಮಾಡದ ಕಳ್ಳತನವನ್ನೂ ಒಪ್ಪಿಕೊಳ್ಳುವಷ್ಟು ಬೆವರಿದೆ. ಆದರೂ ಕಾಗದ ಸಿಕ್ಕಿತು. ಕಷ್ಟವಿರುವುದು ಮನೆಯ ಅನುಮತಿಯಲ್ಲಿ. ನಮ್ಮ ಹೆಂಗಸರ ಸಂಘದಿಂದ ಆರು ಮಂದಿ ಹೊರಟಿದ್ದೇವೆ ಎಂದು ತಿಳಿದಾಗ ನಿಮ್ಮ ದೊಡ್ಡಜ್ಜ, ಅಂದರೆ ನನ್ನ ಗಂಡನ ಅಣ್ಣ, ಜಗಲಿಯಲ್ಲಿ ಕೂತು ಕೇಳಿದರು:

“ಗಂಡ ಹೋದ ಹೆಂಗಸಿಗೆ ಇದೆಲ್ಲ ಯಾಕೆ? ಕಡಲು ನೋಡದೆ ಸತ್ತವರು ಯಾರೂ ಇಲ್ವಾ?”

“ಉಂಟಲ್ಲ ಭಾವ, ನಿಮ್ಮ ತಮ್ಮ” ಎಂದೆ.

ಮದುವೆಯಾಗಿ ಬಂದಂದಿನಿಂದ ಭಾವನಿಗೆ ನಾನು ಕೊಟ್ಟ ಮೊದಲ ಎದುರುತ್ತರ ಅದು. ನಿಮ್ಮ ಅಜ್ಜನಿಗೆ ಕಡಲು ನೋಡುವ ಆಸೆಯಿತ್ತು. ಮೆಣಸಿನ ಕೊಯ್ಲು ಮುಗಿಯಲಿ ಎನ್ನುತ್ತ ಎನ್ನುತ್ತ ಅವರೇ ಮುಗಿದರು. ಮಾತು ಆಡಿ ಮುಗಿಸಿದವಳು ಅಡುಗೆಮನೆಗೆ ಹೋಗಿ, ಒಲೆ ಊದುತ್ತಲೇ ಕೂತೆ. ಬೆಂಕಿ ಮೊದಲೇ ಚೆನ್ನಾಗಿ ಉರಿಯುತ್ತಿತ್ತು.

ಕೊಚ್ಚಿಯಲ್ಲಿ ಹಡಗು ಹತ್ತುವ ಮುಂಚೆ ಹೊಟ್ಟೆ ತುಂಬ ತಿನ್ನಬೇಡಿ. ಒಣಗಿಸಿದ ನೆಲ್ಲಿಕಾಯಿ ಬಾಯಲ್ಲಿರಲಿ. ನೀರಿಗಿಳಿಯುವಾಗ ಚಪ್ಪಲಿ ಬಿಡಬೇಡಿ, ಹವಳದ ಕಲ್ಲು ಕತ್ತಿಯಂತೆ ಕೊಯ್ಯುತ್ತದೆ. ಅದನ್ನು ಹೆಕ್ಕಿ ಚೀಲಕ್ಕೂ ಹಾಕಬೇಡಿ. ನಡು ಮಧ್ಯಾಹ್ನ ತೆಂಗಿನ ನೆರಳು ಬಿಟ್ಟು ಕದಲಬೇಡಿ.

ಇವೆಲ್ಲ ಯಾರು ಬೇಕಾದರೂ ಹೇಳುವ ಮಾತು. ನಾನು ಮಾತ್ರ ಹೇಳಬಹುದಾದದ್ದು ಸಂಜೆಯ ವಿಚಾರ. ನಮ್ಮ ಕಡೆ ಆರು ಗಂಟೆಯೆಂದರೆ ಆನೆಯ ಹೊತ್ತು. ಅಂಗಳದಲ್ಲಿದ್ದವರೂ ಒಳಗೆ ಬಂದು ಅಗುಳಿ ಹಾಕಬೇಕು. ದ್ವೀಪದಲ್ಲಿ ಮೊದಲ ದಿನ ಸರಿಯಾಗಿ ಆರಕ್ಕೆ, ಯಾರೂ ಯಾರಿಗೂ ಹೇಳದೆ, ನಾವು ಆರೂ ಮಂದಿ ಒಣಗಿದ ಸೀರೆ ಬಾಚಿಕೊಂಡು ಕೋಣೆ ಸೇರಿ ಬಾಗಿಲು ಹಾಕಿದೆವು. ಸೂರ್ಯ ಇನ್ನೂ ನೀರಿನ ಮೇಲಿದ್ದ. ನಮಗೆ ಅಡುಗೆ ಮಾಡಿಕೊಡುತ್ತಿದ್ದ ದ್ವೀಪದ ಹೆಂಗಸು ಆಯಿಷಾ ಬಾಗಿಲು ಬಡಿದು ಏನಾಯಿತೆಂದು ವಿಚಾರಿಸಿದಳು. ಹೇಳಿದೆವು.

“ಆನ ಕಡಲ್ ನೀಂದಿ ವರುಮೋ ಚೇಚೀ?” ಆನೆ ಕಡಲು ಈಜಿ ಬರುತ್ತದಾ ಅಕ್ಕಾ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮರುದಿನ ನಾನು ಮರಳಿನ ಮೇಲೇ ಕೂತೆ. ಇಲ್ಲಿ ಆನೆ ಇಲ್ಲ, ಭಾವನೂ ಇಲ್ಲ. ಆದರೂ ಆರಾಗುತ್ತಿದ್ದಂತೆ ಕಾಲು ತಾನಾಗಿ ಏಳಲು ನೋಡಿತು. ಎರಡೂ ಕೈಯಿಂದ ಮಂಡಿ ಹಿಡಿದು ಕೂರಿಸಿದೆ. ನಮ್ಮ ಜೊತೆ ಬಂದಿದ್ದ, ಊರಿನಲ್ಲಿ ಪಕ್ಕದ ಮನೆಯ ಮಾದೇವಿ ಕೋಣೆಯ ಬಾಗಿಲಿನಿಂದ ಕೂಗಿದಳು:

“ಅಕ್ಕೋ, ಗಂಟೆ ಆರಾಯ್ತು!”

“ಆಗ್ಲಿ ಬಿಡು.”

“ಹುಚ್ಚು ಹಿಡೀತಾ ನಿಂಗೆ?”

“ಹಿಡೀಲಿ. ನೀನೂ ಬಾ, ಕೂರು.”

ಅವಳು ಬರಲಿಲ್ಲ. ಸೂರ್ಯ ಮುಳುಗಿದ. ನೀರು ಮೊದಲು ಕೆಂಪಾಯಿತು, ಆಮೇಲೆ ಬೂದಿಯ ಬಣ್ಣಕ್ಕೆ ಬಂತು. ಕತ್ತಲಾಯಿತು. ಏನೂ ಆಗಲಿಲ್ಲ. ಏನೂ ಆಗದ ಕತ್ತಲು ಹೇಗಿರುತ್ತದೆ ಎಂದು ಅರವತ್ತಾರು ವರ್ಷ ನನಗೆ ಗೊತ್ತಿರಲಿಲ್ಲ.

ಆದ್ದರಿಂದ ಮಕ್ಕಳೇ, ಅಲ್ಲಿ ಸಂಜೆ ಹೊರಗೇ ಕೂತಿರಿ. ಒಳಗಿನಿಂದ ಯಾರಾದರೂ ಕರೆದರೆ ಗಂಡುಮಕ್ಕಳು ಎರಡನೇ ಕೂಗಿಗೆ ಏಳಬಹುದು. ಹೆಣ್ಣುಮಕ್ಕಳು ಮೂರನೆಯದಕ್ಕೂ ಏಳಬೇಡಿ.